ಶ್ರೀಮತಿಯ ನೆನಪು, ಶ್ರೇಯಾಂಸನ ದಾನ

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ದಂಡೆಯ ಮೇಲೆ ತಂದೆ ಮಗ ಇಬ್ಬರೇ ಕುಳಿತಿದ್ದಾರೆಂದು ವಾಚಕರು ಭಾವಿಸಿಕೊಳ್ಳಲಿ. ತಂದೆ ಸೇಡಂ ಪೇಟೆಯಲ್ಲಿ ತೊಗರಿಯ ಅಡತಿ ವ್ಯಾಪಾರ ಮಾಡುವ ಶ್ರಾವಕ. ಅಂಗಡಿಯ ಕೀರ್ದಿ ಬರೆದು ಮುಗಿಸಿದ ಮೇಲೆ ದಿನವೂ ಒಂದು ಗಳಿಗೆ ಸ್ವಾಧ್ಯಾಯಕ್ಕೆ ಕೂರುವವನು. ಮಗ ಬೆಂಗಳೂರಿನಲ್ಲಿ ಓದಿ ಅಲ್ಲಿಯೇ ನೌಕರಿಗೆ ಸೇರಿದವನು. ಸುತ್ತಲೂ ಒಣನಾಡಿನ ನಡುವೆ ಅಪರೂಪಕ್ಕೆ ಉಳಿದುಕೊಂಡ ಕಾಡು. 2011ರಲ್ಲಿ ಸರ್ಕಾರ ಅದನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಮನೆಯವರೆಲ್ಲ ಬುತ್ತಿ ಬಿಚ್ಚುವ ಸಡಗರದಲ್ಲಿದ್ದಾರೆ. ಮಗನ ಚೀಲದಿಂದ ಜಾರಿದ ಒಂದು ಪುಸ್ತಕವನ್ನು ತಂದೆ ಎತ್ತಿಕೊಂಡು, ಇದು ಯಾವ ಕಥೆ ಎಂದು ಕೇಳುತ್ತಾನೆ. ಗಂಡೆಂದೂ ಹೆಣ್ಣೆಂದೂ ಸ್ಥಿರವಾಗಿಲ್ಲದ ಜನರು ವಾಸಿಸುವ ಒಂದು ಲೋಕದ ಕಥೆ ಎಂದು ಮಗ ಉತ್ತರಿಸುತ್ತಾನೆ. ಇಲ್ಲದ ಲೋಕದ ಕಥೆಯಿಂದ ಏನು ಪ್ರಯೋಜನ ಎಂದು ತಂದೆ ನಗುತ್ತಾನೆ. ಮಗ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಅಪ್ಪಾ, ಈ ಕಥೆಯೊಳಗೆ ನಾನಿದ್ದೇನೆ" ಎನ್ನುತ್ತಾನೆ.

ಈ ಪ್ರಸಂಗ ಕಲ್ಪಿತ. ಆದರೆ ಆ ಮಾತಿನ ಬಳಿಕ ಇಬ್ಬರ ನಡುವೆ ಕವಿಯುವ ಮೌನ ಕಲ್ಪಿತವಲ್ಲ. ಅಂಥ ಮೌನದಲ್ಲಿ ಎಷ್ಟೋ ಮಕ್ಕಳು ಮನೆ ತೊರೆದಿದ್ದಾರೆ. ಕೆಲವರು ಬದುಕನ್ನೇ ತೊರೆದಿದ್ದಾರೆ. ಆದುದರಿಂದ ಶಾಸ್ತ್ರವನ್ನು ಬಲ್ಲ ಒಬ್ಬ ಶ್ರಾವಕನಾದ ತಂದೆ ಈ ಮಾತಿಗೆ ಏನು ಉತ್ತರ ಕೊಡಬಲ್ಲನೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಮೊದಲು ಪುಸ್ತಕದ ವಿಷಯ. ಇಂಗ್ಲಿಷಿನಲ್ಲಿ ಇಂಥ ಕಲ್ಪನಾಕಥೆಗಳ ಒಂದು ಪರಂಪರೆಯೇ ಇದೆ. ವರ್ಜೀನಿಯಾ ವುಲ್ಫ್ 1928ರಲ್ಲಿ ಪ್ರಕಟಿಸಿದ 'ಆರ್ಲ್ಯಾಂಡೊ' ಕಾದಂಬರಿಯ ನಾಯಕ ಶತಮಾನಗಳ ಕಾಲ ಬದುಕುತ್ತಾನೆ. ನಡುವೆ ಒಂದು ದಿನ ನಿದ್ರೆಯಿಂದೆದ್ದಾಗ ಹೆಣ್ಣಾಗಿರುತ್ತಾನೆ. ಅಮೆರಿಕದ ಅರ್ಸುಲಾ ಲೆ ಗ್ವಿನ್ 1969ರಲ್ಲಿ ಬರೆದ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಇನ್ನೊಂದು. ಹಿಮದಿಂದ ಮುಚ್ಚಿದ ಗೆಥೆನ್ ಎಂಬ ಗ್ರಹದಲ್ಲಿ ಜನರಿಗೆ ತಿಂಗಳ ಬಹುಪಾಲು ದಿನ ಲಿಂಗಭೇದವೇ ಇಲ್ಲ. ಕೆಲವು ದಿನಗಳಲ್ಲಿ ಮಾತ್ರ ಅವರು ಗಂಡೋ ಹೆಣ್ಣೋ ಆಗುತ್ತಾರೆ. ಒಂದು ಮಗುವಿನ ತಾಯಿಯಾದವರು ಇನ್ನೊಂದು ಮಗುವಿನ ತಂದೆಯಾಗಬಹುದು. ಭೂಮಿಯಿಂದ ಹೋದ ರಾಯಭಾರಿಗೆ ಎಸ್ಟ್ರಾವೆನ್ ಎಂಬ ಅಲ್ಲಿನ ಮಂತ್ರಿಯ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಆದರೆ ಪದವಿಯನ್ನೂ ದೇಶವನ್ನೂ ಕಳೆದುಕೊಂಡು ಅವನನ್ನು ಸೆರೆಯಿಂದ ಬಿಡಿಸಿ, ಹಿಮದ ಹಾದಿಯಲ್ಲಿ ಒಂದೇ ಡೇರೆಯಲ್ಲಿ ಅವನೊಡನೆ ಚಳಿ ಕಳೆಯುವ ವ್ಯಕ್ತಿ ಅದೇ ಎಸ್ಟ್ರಾವೆನ್. ಎದುರಿಗಿರುವವರನ್ನು ಇಡಿಯಾಗಿ ನೋಡಲು ಒಲ್ಲದ ತನ್ನ ಕಣ್ಣೇ ದೋಷಯುಕ್ತವೆಂದು ರಾಯಭಾರಿ ಆ ಹಿಮದ ನಡುವೆ ಅರಿಯುತ್ತಾನೆ.

ಇಂಥ ಕಥೆಗಳಿಗೆ ಕಲ್ಪಿತ ಲೋಕವೇ ಏಕೆ ಬೇಕಾಯಿತೆಂದು ಕೇಳಬಹುದು. ಇರುವ ಲೋಕದಲ್ಲಿ ಅವರಿಗೆ ಖಾತೆಯೇ ತೆರೆದಿರಲಿಲ್ಲ ಎಂಬುದೇ ಉತ್ತರ. ಖಾತೆಯಿಲ್ಲದ ಮೊತ್ತವನ್ನು ಬರೆಯಲು ಬೇರೆ ಪುಸ್ತಕವೇ ಬೇಕಾಗುತ್ತದೆ. ಕನ್ನಡದಲ್ಲಿ ವಸುಧೇಂದ್ರರು 2013ರಲ್ಲಿ 'ಮೋಹನಸ್ವಾಮಿ' ಕಥಾಸಂಕಲನವನ್ನು ಪ್ರಕಟಿಸಿ, ಸಲಿಂಗಪ್ರೇಮಿಯೊಬ್ಬನ ಬದುಕನ್ನು ಇದೇ ನಾಡಿನ ಮನೆ, ಓಣಿಗಳಲ್ಲಿಯೇ ಇಟ್ಟು ತೋರಿಸಿದರು. ಅದಕ್ಕೆ ಮೊದಲು ಅನೇಕ ಯುವಕ ಯುವತಿಯರು ತಮ್ಮನ್ನು ಹುಡುಕಿಕೊಂಡು ದೂರದ ಗ್ರಹಗಳಿಗೇ ಹೋಗಬೇಕಾಗಿತ್ತು.

ಇದೆಲ್ಲ ಪರದೇಶದ ಗೀಳು, ಈ ನೆಲದ್ದಲ್ಲ ಎಂದು ತಂದೆ ಹೇಳಬಹುದು. ಆದರೆ ಅವನು ಕುಳಿತ ದಂಡೆಯ ನೀರು ಮುಲ್ಲಾಮಾರಿಯನ್ನು ಸೇರುತ್ತದೆ. ಮುಲ್ಲಾಮಾರಿ ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯ ದಂಡೆಯಲ್ಲಿಯೇ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವಿದೆ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನಿಗೆ ಪೂಜ್ಯರಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದರು. ಅದನ್ನೇ ಆಧಾರವಾಗಿಟ್ಟುಕೊಂಡು ಪಂಪ ಮಹಾಕವಿ 941ರಲ್ಲಿ ಕನ್ನಡದ ಆದಿಪುರಾಣವನ್ನು ಬರೆದನು. ಆ ತಂದೆ ಎಷ್ಟೋ ಸಲ ಓದಿರಬಹುದಾದ ಆ ಗ್ರಂಥದಲ್ಲಿ, ಪ್ರಥಮ ತೀರ್ಥಂಕರನ ಭವಾವಳಿಯ ಜೊತೆಜೊತೆಗೇ ಇನ್ನೊಂದು ಜೀವದ ಪಯಣವೂ ಇದೆ. ಅದನ್ನು ಮತ್ತೊಮ್ಮೆ ನೆನೆಯುವುದು ಇಲ್ಲಿ ಉಚಿತ.

ಐಶಾನ ಕಲ್ಪದಲ್ಲಿ ಲಲಿತಾಂಗದೇವ ಮತ್ತು ಸ್ವಯಂಪ್ರಭೆ ಅಗಲದ ಜೋಡಿ. ಆಯುಷ್ಯ ತೀರಿ ಲಲಿತಾಂಗ ಮೊದಲು ಜಾರುತ್ತಾನೆ. ಆಕೆಯೂ ಜಾರಿ ಮನುಷ್ಯಲೋಕದಲ್ಲಿ ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಂದು ದಿನ ಆಕೆಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಪ್ರಿಯನನ್ನು ಹುಡುಕುವ ಬಗೆ ತಿಳಿಯದೆ ಆಕೆ ತನ್ನ ಪೂರ್ವಭವವನ್ನು ಒಂದು ಪಟದಲ್ಲಿ ಬರೆಯುತ್ತಾಳೆ. ಪಂಡಿತೆ ಎಂಬ ದಾದಿ ಆ ಪಟವನ್ನು ಚೈತ್ಯಾಲಯದಲ್ಲಿ ಹರಡಿ ಕುಳಿತುಕೊಳ್ಳುತ್ತಾಳೆ. ನೋಡಿದವರು ಅನೇಕರು, ತಾವೇ ಆ ಪ್ರಿಯರೆಂದು ಸುಳ್ಳು ಹೇಳಿ ಸೋತವರೂ ಉಂಟು. ಕೊನೆಗೆ ಬಂದ ವಜ್ರಜಂಘ ಮಾತ್ರ ಪಟವನ್ನು ಕಂಡೊಡನೆ ಇದು ತನ್ನದೇ ಕಥೆಯೆಂದು ಗುರುತಿಸುತ್ತಾನೆ. ಮಗನು ಆ ಪುಸ್ತಕದಲ್ಲಿ ಕಂಡದ್ದು ಇಂಥದೇ ಒಂದು ಚಿತ್ರಪಟ. ಸಾವಿರ ಜನರಿಗೆ ಅದು ಬರಿಯ ಬಣ್ಣ. ಯಾರ ಕಥೆಯೋ ಅವರಿಗೆ ಅದು ತಾನು ಒಂಟಿಯಲ್ಲವೆಂಬ ವಾರ್ತೆ.

ವಜ್ರಜಂಘ ಶ್ರೀಮತಿಯರು ವಿವಾಹವಾದರು. ಒಮ್ಮೆ ಪಯಣದಲ್ಲಿ ಕಾಡಿನ ಸರೋವರದ ತೀರದಲ್ಲಿ ಬೀಡು ಬಿಟ್ಟಿದ್ದಾಗ ಇಬ್ಬರು ಚಾರಣಮುನಿಗಳು ಬಂದರು. ದಂಪತಿಗಳು ಭಕ್ತಿಯಿಂದ ಆಹಾರದಾನ ಮಾಡಿದರು. ಆ ಮುನಿಗಳು ತಮ್ಮ ಹೊಟ್ಟೆಯಲ್ಲಿಯೇ ಹುಟ್ಟಿದ ಮಕ್ಕಳೆಂಬುದು ಅವರಿಗೆ ಕಂಚುಕಿಯ ಮಾತಿನಿಂದ ತಿಳಿದದ್ದು ದಾನವಾದ ಮೇಲೆ. ಮಕ್ಕಳೆಂದು ಗುರುತಿಸಲಾರದೆ ಹೋದರೂ ಅವರು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮುಂದೆ ಒಂದು ರಾತ್ರಿ ಶಯನಗೃಹದ ಧೂಪದ ಹೊಗೆಯಲ್ಲಿ ಉಸಿರು ಕಟ್ಟಿ ಇಬ್ಬರೂ ಒಟ್ಟಿಗೆ ಮಡಿದರು.

ಇಲ್ಲಿಂದ ಮುಂದೆ ಭವಾವಳಿಯ ಗತಿ ಗಮನಾರ್ಹವಾದದ್ದು. ಭೋಗಭೂಮಿಯಲ್ಲಿ ಅವರು ಮತ್ತೆ ಸತಿಪತಿಯರಾಗಿ ಹುಟ್ಟಿ ಸಮ್ಯಕ್ತ್ವವನ್ನು ಪಡೆಯುತ್ತಾರೆ. ಬಳಿಕ ಶ್ರೀಮತಿಯ ಜೀವ ಸ್ವಯಂಪ್ರಭನೆಂಬ ದೇವನಾಗುತ್ತದೆ. ಅನಂತರ ಪತಿಯ ಜೀವ ಸುವಿಧಿ ಎಂಬ ರಾಜನಾದಾಗ ಈ ಜೀವ ಅವನ ಮಗ ಕೇಶವನಾಗುತ್ತದೆ. ಮಗನ ಮೇಲಿನ ಮಮತೆಯಿಂದ ಸುವಿಧಿ ಮನೆಯನ್ನು ತೊರೆಯಲಾರದೆ ಗೃಹದಲ್ಲಿಯೇ ಉತ್ಕೃಷ್ಟ ಶ್ರಾವಕನಾಗಿ ಉಳಿಯುತ್ತಾನೆ. ಆ ಬಳಿಕ ಅಚ್ಯುತ ಕಲ್ಪದಲ್ಲಿ ಇಂದ್ರ ಪ್ರತೀಂದ್ರರು. ಮತ್ತೆ ವಜ್ರನಾಭಿ ಚಕ್ರವರ್ತಿ ಮತ್ತು ವಣಿಕಪುತ್ರ ಧನದೇವ. ಆಮೇಲೆ ಇಬ್ಬರೂ ಅಹಮಿಂದ್ರರು. ಕೊನೆಯಲ್ಲಿ ಆ ಜೀವ ವೃಷಭನಾಥನಾಗಿ ಅವತರಿಸಿದಾಗ, ಈ ಜೀವ ಹಸ್ತಿನಾಪುರದ ಶ್ರೇಯಾಂಸನಾಗಿ ಜನಿಸುತ್ತದೆ. ದೇವಿ, ಪತ್ನಿ, ದೇವ, ಮಗ, ಜೊತೆಗಾರ: ಲಿಂಗ ಬದಲಾಯಿತು, ಸಂಬಂಧದ ಹೆಸರು ಬದಲಾಯಿತು, ಒಂದು ಜೀವಕ್ಕೆ ಇನ್ನೊಂದರ ಮೇಲಿದ್ದ ಹಿತಭಾವ ಮಾತ್ರ ಸಂದುಹೋಗಲಿಲ್ಲ.

ಪುರಾಣವನ್ನು ಇಂದಿನ ಸಲಿಂಗಪ್ರೇಮದ ಕಾದಂಬರಿಯೆಂದು ಕರೆಯುವುದು ತಪ್ಪು ತೂಕ. ಅದರ ಗುರಿ ವೈರಾಗ್ಯವೇ ಹೊರತು ಪ್ರಣಯವಲ್ಲ. ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ಸಮ್ಯಕ್ತ್ವದ ಬಲದಿಂದ ಆ ಜೀವದ ಸ್ತ್ರೀಲಿಂಗ ನೀಗಿತೆಂದು ಪುರಾಣ ಹೇಳುತ್ತದೆ. ಹೆಣ್ಣು ಜನ್ಮವನ್ನು ಕೆಳಗಿನ ಮೆಟ್ಟಿಲಾಗಿಯೇ ಎಣಿಸುತ್ತದೆ. ಅಢಾವೆಯಲ್ಲಿ ಹೊಣೆಯ ಭಾಗವನ್ನು ಬಿಟ್ಟು ಆಸ್ತಿಯನ್ನಷ್ಟೇ ತೋರಿಸುವುದು ಪ್ರಾಮಾಣಿಕ ವ್ಯಾಪಾರಿಯ ಲಕ್ಷಣವಲ್ಲ.

ಹಾಗಿದ್ದರೂ ಕಥೆಯ ಮುಕ್ತಾಯ ಏನು ಹೇಳುತ್ತದೆಂಬುದನ್ನು ನೋಡಬೇಕು. ದೀಕ್ಷೆ ವಹಿಸಿದ ವೃಷಭಸ್ವಾಮಿ ಆರು ತಿಂಗಳ ಉಪವಾಸದ ಬಳಿಕ ಚರ್ಯೆಗೆ ಹೊರಟಾಗ ಜನರಿಗೆ ದಾನದ ವಿಧಿ ಗೊತ್ತಿರಲಿಲ್ಲ. ಅವರು ರತ್ನ ತಂದರು, ವಸ್ತ್ರ ತಂದರು, ವಾಹನ ತಂದರು. ಎಲ್ಲರಿಗೂ ಭಕ್ತಿಯಿತ್ತು, ಹಸಿದವನಿಗೆ ಏನು ಬೇಕೆಂಬುದು ಮಾತ್ರ ಹೊಳೆಯಲಿಲ್ಲ. ತಿಂಗಳುಗಳೇ ಉರುಳಿದವು. ಹಸ್ತಿನಾಪುರದಲ್ಲಿ ಸ್ವಾಮಿಯನ್ನು ಕಂಡ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಅವನಿಗೆ ನೆನಪಾದದ್ದು ತಾನು ದೇವನಾಗಿದ್ದ ವೈಭವವಲ್ಲ; ತಾನು ಶ್ರೀಮತಿಯಾಗಿ ಸರೋವರದ ತೀರದಲ್ಲಿ ಮುನಿಗಳಿಗೆ ಅನ್ನವಿಕ್ಕಿದ ಗಳಿಗೆ. ಆ ನೆನಪಿನಿಂದ ವಿಧಿಯನ್ನರಿತು ಅವನು ಕಬ್ಬಿನ ಹಾಲನ್ನು ನೀಡಿದನು. ಇಂದಿಗೂ ಅಕ್ಷಯ ತೃತೀಯೆಯಂದು ಸಮಾಜ ಸ್ಮರಿಸುವುದು ಆ ದಾನವನ್ನೇ. ಈ ಯುಗದ ಮೊದಲ ದಾನಿ ತಾನು ಹೆಣ್ಣಾಗಿದ್ದುದನ್ನು ನೆನೆದು ದಾನಿಯಾದನು. ನೀಗಿತೆಂದು ಪುರಾಣ ಹೇಳಿದ ಆ ಜನ್ಮದಲ್ಲಿಯೇ ಅವನಿಗೆ ಬೇಕಾಗಿದ್ದ ಜ್ಞಾನವಿತ್ತು.

ಕಲ್ಪನಾಕಥೆಯ ಪ್ರಯೋಜನವೂ ಇದೇ. ಯಾರ ಕಥೆಯೋ ಅವರಿಗೆ ಅದು ಚಿತ್ರಪಟವಾದರೆ, ಉಳಿದವರಿಗೆ ಜಾತಿಸ್ಮರಣೆಯ ಸ್ಥಾನದಲ್ಲಿ ನಿಲ್ಲುತ್ತದೆ. ಅನಾದಿ ಸಂಸಾರದಲ್ಲಿ ಪ್ರತಿಯೊಂದು ಜೀವವೂ ಮೂರು ಲಿಂಗಗಳಲ್ಲಿಯೂ ಹುಟ್ಟಿ ಬಂದಿದೆಯೆಂದು ಜೈನರು ನಂಬುತ್ತಾರೆ. ನಂಬಿಕೆ ಬಾಯಲ್ಲಿದೆ, ನೆನಪು ಇಲ್ಲ. ಆ ನೆನಪನ್ನು ಒಂದು ಸಂಜೆಯ ಮಟ್ಟಿಗೆ ಸಾಲವಾಗಿ ಕೊಡುವುದು ಒಳ್ಳೆಯ ಕಥೆ.

ಸಿದ್ಧಾಂತದ ಕಡೆಗೆ ತಿರುಗಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ದ್ರವ್ಯವೇದ, ಭಾವವೇದಗಳೆಂಬ ಭೇದವನ್ನು ಮಾಡುತ್ತದೆ. ಶರೀರದ ಲಿಂಗ ನಾಮಕರ್ಮದಿಂದ. ಅಂತರಂಗದ ಒಲವು ಮೋಹನೀಯಕರ್ಮದಿಂದ. ಇವೆರಡೂ ಪ್ರಾಯಶಃ ಸಮಾನವಾಗಿರುತ್ತವೆ, ಕೆಲವೆಡೆ ವಿಷಮವಾಗಿಯೂ ಇರುತ್ತವೆ ಎಂದು ಆ ಗ್ರಂಥ ನಿರ್ಲಿಪ್ತವಾಗಿ ತಿಳಿಸುತ್ತದೆ. ದೇಹ ಒಂದು, ಒಲವು ಇನ್ನೊಂದು ಆಗಬಹುದೆಂಬುದು ಸಾವಿರ ವರ್ಷದ ಹಿಂದೆಯೇ ಈ ನಾಡಿನ ಆಚಾರ್ಯರಿಗೆ ತಿಳಿದಿತ್ತು. ಪುರುಷವೇದವನ್ನು ಹುಲ್ಲಿನ ಬೆಂಕಿಗೆ, ಸ್ತ್ರೀವೇದವನ್ನು ಕುರುಳಿನ ಬೆಂಕಿಗೆ, ನಪುಂಸಕವೇದವನ್ನು ಇಟ್ಟಿಗೆಯ ಆವಿಗೆಗೆ ಹೋಲಿಸಿದ್ದೂ ಉಂಟು. ಮೂರನೆಯದಕ್ಕೆ ಹೆಚ್ಚಿನ ತಾಪವನ್ನು ಹೇಳಿರುವುದು ನಿಜ. ಆದರೆ ಮೂರೂ ಬೆಂಕಿಯೇ ಎಂಬುದು ಅದಕ್ಕಿಂತ ದೊಡ್ಡ ನಿಜ. ಗಂಡಿನ ಒಲವು ಸಹಜ ಧರ್ಮ, ಇನ್ನೊಬ್ಬರ ಒಲವು ಮಾತ್ರ ಪಾಪ ಎಂಬ ಲೆಕ್ಕ ಕರ್ಮಗ್ರಂಥಗಳಲ್ಲಿಲ್ಲ. ಮೂರು ಭಾವವೇದಗಳಲ್ಲಿ ಯಾವುದಿದ್ದರೂ ಶ್ರೇಣಿಯನ್ನೇರಬಹುದು. ಮೂರೂ ಒಂಬತ್ತನೆಯ ಗುಣಸ್ಥಾನದಲ್ಲಿಯೇ ಅಳಿಯುತ್ತವೆ.

ಈ ಮೂರು ವೇದಗಳು ಬರುವುದು ಒಂಬತ್ತು ನೋಕಷಾಯಗಳ ಪಟ್ಟಿಯಲ್ಲಿ. ಅದೇ ಪಟ್ಟಿಯಲ್ಲಿ ಜುಗುಪ್ಸೆಯೂ ಇದೆ. ಅಂದರೆ, ಅನ್ಯರ ಒಲವನ್ನು ಕಂಡು ಹೇಸುವವನು ತಾನು ಆ ಪಟ್ಟಿಯ ಹೊರಗೆ ನಿಂತಿದ್ದೇನೆಂದು ತಿಳಿಯಬಾರದು. ಆ ಹೇಸಿಗೆಯೂ ಮೋಹನೀಯವೇ. ವಾಂತಿ ಮಾಡಿದ ರೋಗಿ ಮುನಿಯನ್ನು ತನ್ನ ಕೈಯಿಂದಲೇ ಶುಚಿಗೊಳಿಸಿದ ಉದ್ದಾಯನ ರಾಜನ ಕಥೆಯನ್ನು ಮಕ್ಕಳಿಗೆ ಹೇಳುವ ಸಮಾಜ, ನಿರ್ವಿಚಿಕಿತ್ಸೆ ಸಮ್ಯಕ್ತ್ವದ ಅಂಗವೆಂಬುದನ್ನು ಬೀದಿಯಲ್ಲಿ ಮರೆಯಬಾರದು.

ದೀಕ್ಷೆ ಮತ್ತು ಮುಕ್ತಿಯ ಅಧಿಕಾರದ ಬಗೆಗೆ ಆಮ್ನಾಯಗಳಲ್ಲಿ ಮತಭೇದವಿದೆ. ಅಮೋಘವರ್ಷನ ಕಾಲದಲ್ಲಿಯೇ ಬಾಳಿದ ಯಾಪನೀಯ ವೈಯಾಕರಣ ಶಾಕಟಾಯನ ಪಾಲ್ಯಕೀರ್ತಿಗಳು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಪ್ರಕರಣವನ್ನೇ ಬರೆದರು; ದಿಗಂಬರ ಆಚಾರ್ಯರು ಅದನ್ನು ಖಂಡಿಸಿದರು. ಮೂಡಬಿದರೆಯ ಸಮೀಪದ ನೆಲ್ಲಿಕಾರಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು 1991ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಾದಪರಂಪರೆಯನ್ನು ಜಗತ್ತಿಗೆ ಪರಿಚಯಿಸಿದರು. ಆ ವಾದ ವಿದ್ವಾಂಸರಿಗಿರಲಿ. ವಾದ ಮಾಡಿದವರು ವಿಷಯವನ್ನು ಮುಚ್ಚಿಡಲಿಲ್ಲವೆಂಬುದು ಸಾಮಾನ್ಯ ಶ್ರಾವಕನಿಗೆ ಸಾಕು. ಅನ್ನ, ಆಶ್ರಯ, ಮರ್ಯಾದೆಗಳ ವಿಷಯದಲ್ಲಿ ಯಾವ ಆಮ್ನಾಯದಲ್ಲಿಯೂ ಮತಭೇದವಿಲ್ಲ.

ರಾಜ್ಯಗಳು ಈ ಮರ್ಯಾದೆಯನ್ನು ಕಾಯಲಿಲ್ಲ. ಸೇಡಂ, ಚಿಂಚೋಳಿ, ಚಿತ್ತಾಪುರಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಫಸಲಿ 1329ರಲ್ಲಿ, ಅಂದರೆ 1919ರಲ್ಲಿ ನಿಜಾಮ ಸರ್ಕಾರ ಹಿಜಡಾ ಜನರನ್ನು ಕುರಿತು ಒಂದು ಕಾಯಿದೆ ಮಾಡಿತು. ಅವರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಸೀರೆಯುಟ್ಟು, ಒಡವೆ ತೊಟ್ಟು ಬೀದಿಗೆ ಬಂದರೆ, ಹಾಡಿ ಕುಣಿದರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಆ ಕಾಯಿದೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ರದ್ದು ಮಾಡಿದ್ದು 2023ರ ಜುಲೈನಲ್ಲಿ. ನೂರು ವರ್ಷಕ್ಕೂ ಮೇಲ್ಪಟ್ಟು ಒಬ್ಬರ ಉಡುಗೆಯೇ ಅಪರಾಧವಾಗಿತ್ತು. ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 15ರಂದು ತೃತೀಯ ಲಿಂಗದವರ ಹಕ್ಕುಗಳನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಘೋಷಿಸಿತು. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೌಕರಿಗಳಲ್ಲಿ ತೃತೀಯ ಲಿಂಗದವರಿಗೆ ಶೇಕಡ 1ರ ಮೀಸಲಾತಿಯನ್ನು ಕೊಟ್ಟಿತು.

ಅದೇ ವರ್ಷ ಬಳ್ಳಾರಿ ಸೀಮೆಯ ಜೋಗತಿ ನೃತ್ಯಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ಮನೆಯವರಿಂದ ದೂರವಾಗಿ, ಭಿಕ್ಷೆ ಬೇಡಿ, ವಿಷವನ್ನೂ ಕುಡಿದು ಬದುಕುಳಿದವರು ಅವರು. ರಾಷ್ಟ್ರಪತಿಗಳ ಎದುರು ನಿಂತಾಗ ಮೊದಲು ಸೆರಗಿನಿಂದ ಅವರ ದೃಷ್ಟಿ ನಿವಾಳಿಸಿದರು. ಎಲ್ಲರಿಂದಲೂ ಬೈಸಿಕೊಂಡವರು ನಾಡಿನ ಪ್ರಥಮ ಪ್ರಜೆಗೆ ಒಳ್ಳೆಯದಾಗಲೆಂದು ಹಾರೈಸಿದ ಆ ಗಳಿಗೆಯನ್ನು ಕಂಡವರು ಮರೆಯಲಾರರು.

ಇನ್ನು ಶ್ರಾವಕನ ಕರ್ತವ್ಯ. ಸಂತೆಯ ದಿನ ಅಂಗಡಿಯ ಮುಂದೆ ಮಂಗಳಮುಖಿಯರು ಬಂದು ನಿಂತಾಗ ಗಲ್ಲಾದಿಂದ ನಾಣ್ಯ ಹೊರಬರುತ್ತದೆ. ಅದು ಬೇಗ ಹೋಗಲೆಂದು ಕೊಟ್ಟದ್ದು. ಖರ್ಚಿನ ಖಾತೆಗೆ ಸೇರುತ್ತದೆ, ದಾನದ ಖಾತೆಗಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅವರಿಗೆ ಬೇಕಾದುದು ಕೊನೆಯದು. ತೂಕ ಬಲ್ಲ ಒಬ್ಬರಿಗೆ ತಕ್ಕಡಿಯ ಮುಂದೆ ಕೆಲಸ ಕೊಡುವುದು, ಬಾಡಿಗೆಗೆ ಕೋಣೆ ಕೊಡುವುದು, ಕಟ್ಟೆಯ ಮೇಲೆ ಅವರನ್ನು ಹಾಸ್ಯ ಮಾಡುವಾಗ ಎದ್ದು ಸಾಕು ಎನ್ನುವುದು, ಇವೆಲ್ಲ ಅಭಯದಾನವೇ. ಹಸ್ತಿನಾಪುರದ ದಾರಿಯಲ್ಲಿ ಜನ ರತ್ನಗಳನ್ನು ಹಿಡಿದು ನಿಂತಂತೆ, ಕೇಳದೆ ಕೊಡುವ ಕರುಣೆಗಿಂತ ಏನು ಬೇಕೆಂದು ಕೇಳಿ ಕೊಡುವುದು ಮೇಲು.

ಮನೆಯೊಳಗಿನ ಕರ್ತವ್ಯ ಇನ್ನೂ ಕಠಿನ. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೊಂದು. ಅನ್ಯರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು ಅದರ ಅರ್ಥ. ಮಗ ನಂಬಿ ಹೇಳಿದ ಮಾತನ್ನು ಬಂಧುಗಳ ಪಂಚಾಯಿತಿಗೆ ಒಯ್ದರೆ ವ್ರತಕ್ಕೆ ಕಲೆ ತಗಲುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಆಶ್ರಿತರಿಗೆ ಅನ್ನ ನೀರು ತಡೆಯುವುದು. ಮಗುವನ್ನು ಮನೆಯಿಂದ ಹೊರಗೆ ಹಾಕುವುದಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಹೀಗಾದರೆ ಸಂಯಮದ ಗತಿಯೇನೆಂದು ಕೆಲವರು ಕೇಳಬಹುದು. ಸಂಯಮವನ್ನು ಧರ್ಮ ಮೂರು ವೇದದವರಿಂದಲೂ ಕೇಳುತ್ತದೆ. ಒಬ್ಬರ ತಟ್ಟೆಯನ್ನು ಕಿತ್ತುಕೊಂಡು ಅವರಿಗೆ ಮಾತ್ರ ಸಂಯಮವನ್ನು ಬೋಧಿಸು ಎಂದು ಹೇಳುವುದಿಲ್ಲ. ಒಲ್ಲದ ಮದುವೆಯನ್ನು ಮಾಡಿ ಮಗನ ಜೊತೆಗೆ ಇನ್ನೊಂದು ಮನೆಯ ಮಗಳ ಬಾಳನ್ನೂ ಕೆಡಿಸು ಎಂದಂತೂ ಹೇಳುವುದೇ ಇಲ್ಲ.

ವಜ್ರಜಂಘ ಶ್ರೀಮತಿಯರ ಆಹಾರದಾನವನ್ನು ಆ ಕಾಡಿನ ನಾಲ್ಕು ಪ್ರಾಣಿಗಳು, ಒಂದು ಹುಲಿ, ಒಂದು ಹಂದಿ, ಒಂದು ಮಂಗ, ಒಂದು ಮುಂಗುಲಿ, ದೂರದಲ್ಲಿ ನಿಂತು ನೋಡಿ ಸಂತೋಷಪಟ್ಟವಂತೆ. ಆ ಅನುಮೋದನೆಯ ಫಲವಾಗಿ ಅವೂ ಕಾಲಾಂತರದಲ್ಲಿ ವೃಷಭನಾಥನ ಮಕ್ಕಳಾದವು. ಕೊಡಲು ಕೈಯಿಲ್ಲದವರಿಗೂ ಒಪ್ಪಲು ಮನಸ್ಸಿದ್ದರೆ ಸಾಕೆಂಬುದು ಇದರ ಇಂಗಿತ.

ಚಂದ್ರಂಪಳ್ಳಿಯ ದಂಡೆಯ ಮೇಲೆ ಆ ತಂದೆ ಇನ್ನೂ ಮೌನವಾಗಿಯೇ ಇದ್ದಾನೆ. ಬೆಂಗಳೂರಿನ ನ್ಯಾಯವಾದಿಯಂತೆ ಮಾತನಾಡಲು ಅವನಿಗೆ ಬಾರದು, ಬರಬೇಕಾಗಿಯೂ ಇಲ್ಲ. ಕಾಡು, ನೀರಿನ ತೀರ, ಬಿಚ್ಚಿದ ಬುತ್ತಿ, ಎದುರಿಗೆ ಗುರುತು ಸಿಗದಂತಾಗಿರುವ ತನ್ನದೇ ಮಗು: ಪುರಾಣದಲ್ಲಿ ಇದ್ದುದೆಲ್ಲ ಇಲ್ಲಿಯೂ ಇದೆ. ಅವನು ಪುಸ್ತಕದ ಧೂಳು ಒರೆಸಿ ಮಗನ ಕೈಗೆ ಹಿಂದಿರುಗಿಸಿ, "ಏಳು, ಊಟ ಮಾಡೋಣ. ಆಮೇಲೆ ಈ ಕಥೆಯನ್ನು ಮೊದಲಿನಿಂದ ಹೇಳು" ಎಂದರೆ ಸಾಕು. ಶಾಸ್ತ್ರ ಓದಿದ್ದಕ್ಕೆ ಅಂದಿನ ಮಟ್ಟಿಗೆ ಸಾರ್ಥಕ.